ಬೆಣ್ಣೆ ದುಡ್ಡು

ಮಂಡ್ಯ ಕಡೆಯ ಒಕ್ಕಲು ಮನೆಗಳಲ್ಲಿ ಹಿಂದೆ ಎರಡು ಥರದ ದುಡ್ಡು ಓಡಾಡುತ್ತಿತ್ತು. ಭತ್ತ, ಕಬ್ಬು, ಬೆಲ್ಲ ಮಾರಿ ಬಂದದ್ದು ಗಂಡಸರ ದುಡ್ಡು. ಅದು ವರ್ಷಕ್ಕೆ ಒಂದೆರಡು ಸಲ ದೊಡ್ಡದಾಗಿ ಬರುತ್ತಿತ್ತು. ಬಂದ ಹಾಗೇ ಸಾಲಕ್ಕೋ ಕಂದಾಯಕ್ಕೋ ಮದುವೆಗೋ ಹೋಗಿಬಿಡುತ್ತಿತ್ತು. ಬೆಣ್ಣೆ, ತುಪ್ಪ, ಮೊಸರು ಮಾರಿ ಬಂದದ್ದು ಹೆಂಗಸರ ದುಡ್ಡು. ಅದು ಚಿಲ್ಲರೆಯಾಗಿ ವಾರವಾರ ಬರುತ್ತಿತ್ತು. ಸೆರಗಿನ ಗಂಟಿನಲ್ಲೋ ಎಲೆಯಡಿಕೆ ಚೀಲದಲ್ಲೋ ಸೇರುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಬೆಣ್ಣೆ ದುಡ್ಡು ಅಂತಲೇ ಕರೆಯುತ್ತಿದ್ದರು.

ಈ ದುಡ್ಡಿಗೆ ಒಂದು ಮರ್ಯಾದೆ ಇತ್ತು. ಗಂಡಸರು ಅದರ ಲೆಕ್ಕ ಕೇಳುತ್ತಿರಲಿಲ್ಲ. ಕೇಳಿದರೂ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಉಪ್ಪು, ಮೆಣಸಿನಕಾಯಿ, ಬಳೆ, ಮಕ್ಕಳ ಸ್ಲೇಟು, ಮಗಳ ಬಾಣಂತನ, ತವರಿಗೆ ಹೋಗುವ ಬಸ್ ಚಾರ್ಜು, ಎಲ್ಲವೂ ಅದರಲ್ಲೇ. ಹಸಿವಿನ ವರ್ಷದಲ್ಲಿ ಗಂಡನೇ ಬಂದು ಅದೇ ದುಡ್ಡನ್ನು ಕೈಗಡ ಕೇಳುತ್ತಿದ್ದ. ಎಲ್ಲ ಮನೆಯಲ್ಲೂ ಹೀಗೇ ಇತ್ತು ಅಂತ ನಾನು ಹೇಳುವುದಿಲ್ಲ. ಕೂಡು ಕುಟುಂಬದಲ್ಲಿ ಕಡೆಯುವುದು ಸೊಸೆ, ದುಡ್ಡು ಅತ್ತೆಯದು. ಆದರೂ ಅದು ಮನೆಯೊಳಗಿನ ಹೆಂಗಸಿನ ಕೈಯಲ್ಲೇ ಇರುತ್ತಿತ್ತು.

ನನ್ನ ಅಜ್ಜಿಯ ಊರು ಪಾಂಡವಪುರದ ಆಚೆ, ಮೇಲುಕೋಟೆ ಬೆಟ್ಟದ ಕಡೆಗೆ. ಮಳೆ ನಂಬಿದ ಹೊಲ, ರಾಗಿ, ಹುರುಳಿ, ಒಂದೆರಡು ಎಮ್ಮೆ. ಅಜ್ಜಿ ಬೆಣ್ಣೆ ಮಾರಿದವರು. ಅವರ ಅತ್ತೆಯೂ ಮಾರಿದವರು. ನಮ್ಮ ಮನೆಯ ಕಥೆ ಅಂತ ಕೇಳಿದಾಗ ಎಲ್ಲರೂ ಹೇಳುತ್ತಿದ್ದುದು ಜಮೀನಿನ ಕಥೆ. ಎಷ್ಟು ಎಕರೆ ಇತ್ತು, ಎಷ್ಟು ಹೋಯಿತು, ಯಾರು ಪಾಲು ಕೇಳಿದರು. ಬೆಣ್ಣೆಯ ಕಥೆಯನ್ನು ಯಾರೂ ತಾವಾಗಿ ಹೇಳಲಿಲ್ಲ. ಕೆದಕಿ ಕೆದಕಿ ಕೇಳಬೇಕಾಯಿತು.

ಮೊದಲ ಪ್ರಶ್ನೆ, ಯಾಕೆ ಬೆಣ್ಣೆ? ಹಾಲನ್ನೇ ಯಾಕೆ ಮಾರುತ್ತಿರಲಿಲ್ಲ?

ಕಾರಣ ಸರಳ. ಹಾಲು ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಊರಲ್ಲಿ ಎಲ್ಲರ ಮನೆಯಲ್ಲೂ ಎಮ್ಮೆ, ದನ ಇರುವಾಗ ಕೊಳ್ಳುವವರು ಯಾರು? ಪಟ್ಟಣಕ್ಕೆ ಹೊತ್ತುಕೊಂಡು ಹೋಗೋಣ ಎಂದರೆ ಬಿಸಿಲೇರುವ ಮುಂಚೆ ತಲುಪಬೇಕು. ಬೆಣ್ಣೆ ಹಾಗಲ್ಲ. ಮಜ್ಜಿಗೆಯಲ್ಲಿ ಮುಳುಗಿಸಿ ತಣ್ಣಗಿನ ಮೂಲೆಯಲ್ಲಿ ಇಟ್ಟರೆ ಮುಂದಿನ ಸಂತೆಯ ತನಕ ತಡೆಯುತ್ತದೆ. ಕಾಯಿಸಿ ತುಪ್ಪ ಮಾಡಿದರೆ ತಿಂಗಳುಗಟ್ಟಲೆ ಇರುತ್ತದೆ. ಹೊರೆಯ ಲೆಕ್ಕವೂ ಇದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ನೂರಕ್ಕೆ 6ರಿಂದ 7ರಷ್ಟು. ಒಂದು ಕೆಜಿ ಬೆಣ್ಣೆಗೆ 12ರಿಂದ 15 ಲೀಟರ್ ಹಾಲು ಬೇಕು. ನಾಟಿ ಹಸುವಿನ ಹಾಲಾದರೆ 20 ಲೀಟರಿಗೂ ಜಾಸ್ತಿ. ನಮ್ಮ ಕಡೆಯ ಹಳ್ಳಿಕಾರ್ ತಳಿ ಉಳುಮೆಗೆ, ಗಾಡಿಗೆ ಹೆಸರಾದದ್ದು. ಹಾಲು ಕೊಡುವುದು ಸ್ವಲ್ಪವೇ, ಅದರಲ್ಲೂ ಕರುವಿನ ಪಾಲು ಬಿಡಬೇಕು. ಹಾಗಾಗಿ ಬೆಣ್ಣೆಯ ಆಸೆಯಿದ್ದವರು ಎಮ್ಮೆ ಕಟ್ಟುತ್ತಿದ್ದರು. ಒಂದು ವಾರದ ಹಾಲು ಅಷ್ಟೂ ಒಂದು ಸಣ್ಣ ಮಡಕೆಗೆ ಇಳಿದು, ತಲೆಯ ಮೇಲೆ ಕೂತು ಸಂತೆಗೆ ಹೋಗುತ್ತಿತ್ತು.

ಇನ್ನೊಂದು ಕಾರಣ ಲೆಕ್ಕಕ್ಕೆ ಸಿಗುವುದಲ್ಲ. ಹಳೆಯ ಮನೆಗಳಲ್ಲಿ ಹಾಲು ಮಾರೋದು ಒಳ್ಳೆಯದಲ್ಲ ಅನ್ನುವ ಭಾವನೆ ಇತ್ತು. ಹಾಲು ಕರುವಿನದು, ಮಕ್ಕಳದು. ಮಜ್ಜಿಗೆಯನ್ನಂತೂ ಮಾರುವ ಮಾತೇ ಇಲ್ಲ. ಕಡೆದ ದಿನ ಬೆಳಿಗ್ಗೆ ಅಕ್ಕಪಕ್ಕದವರು, ಹೊಲದ ಕೆಲಸಕ್ಕೆ ಬರುವವರು ಚೊಂಬು ಹಿಡಿದು ಬರುತ್ತಿದ್ದರು. ಮಜ್ಜಿಗೆಗೆ ಹೋದವಳು ಚೊಂಬು ಬಚ್ಚಿಟ್ಟಳಂತೆ ಅನ್ನುವ ಗಾದೆ ಹುಟ್ಟಿದ್ದೇ ಇಂಥ ಅಂಗಳದಲ್ಲಿ. ಹಾಲು ಮಕ್ಕಳಿಗೆ, ಮಜ್ಜಿಗೆ ಊರಿಗೆ, ಬೆಣ್ಣೆ ಸಂತೆಗೆ. ಯಾರೂ ಕೂತು ಬರೆದ ನಿಯಮ ಅಲ್ಲ. ಆದರೆ ಮುದ್ದೆಗೆ ಸಾರಿಲ್ಲದ ಎಷ್ಟೋ ಮನೆಗಳ ಹೊಟ್ಟೆ ಈ ಪುಕ್ಕಟೆ ಮಜ್ಜಿಗೆಯಿಂದ ತಣ್ಣಗಾಗುತ್ತಿತ್ತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಬೆಣ್ಣೆ ಮಾಡುವ ಕೆಲಸ ನೋಡಲು ಸುಲಭ, ಮಾಡಲು ಅಲ್ಲ. ಬೆರಣಿಯ ಸಣ್ಣ ಉರಿಯಲ್ಲಿ ಹಾಲು ನಿಧಾನವಾಗಿ ಕಾಯಬೇಕು. ಕೆನೆ ದಪ್ಪಗೆ ಕಟ್ಟಿ, ಹಾಲು ಸ್ವಲ್ಪ ಕೆಂಪಗಾಗಬೇಕು. ಉಗುರು ಬೆಚ್ಚಗಿರುವಾಗ ಹೆಪ್ಪು ಹಾಕಬೇಕು. ಚಳಿಗಾಲದಲ್ಲಿ ಹೆಪ್ಪು ಜಾಸ್ತಿ, ಬೇಸಿಗೆಯಲ್ಲಿ ಕಮ್ಮಿ. ಮಡಕೆ ದಿನಾ ತೊಳೆದು ಒಲೆಯ ಬಾಯಿಗೆ ಬೋರಲು ಹಾಕಿ ಕಾಯಿಸದಿದ್ದರೆ ಹುಳಿ ವಾಸನೆ ಕೂತುಬಿಡುತ್ತದೆ. ಬೆಳಗಿನ ಜಾವ, ಇನ್ನೂ ತಂಪಿರುವಾಗ, ಕಂಬಕ್ಕೆ ಕಡೆಗೋಲು ಸಿಕ್ಕಿಸಿ ಹಗ್ಗ ಎಳೆಯುವುದು. ಬೆಣ್ಣೆ ಬರುವ ಹೊತ್ತಿಗೆ ಕಡೆಯುವ ಸದ್ದು ಬದಲಾಗುತ್ತದೆ. ಅಜ್ಜಿ ಅದನ್ನು ಕಿವಿಯಲ್ಲೇ ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ಬೆಣ್ಣೆ ಕರಗಿ ಚದುರಿದರೆ ತಣ್ಣೀರು, ಚಳಿಯಲ್ಲಿ ಗಟ್ಟಿಯಾಗಿ ಕೂಡದಿದ್ದರೆ ಬಿಸಿನೀರು. ಎಷ್ಟು ಅಂತ ಕೇಳಿದರೆ "ನೋಡ್ಕೊಂಡು" ಅನ್ನುವುದೇ ಉತ್ತರ. ಆಮೇಲೆ ಉಂಡೆ ಕಟ್ಟಿ, ನೀರಿನಲ್ಲಿ ತೊಳೆದು, ನೆಲುವಿಗೆ ಏರಿಸುವುದು.

ಇದು ಬಹಳ ಹಳೆಯ ಕ್ರಮ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಲು ಬಂದ. ಹಾಲು ಕಾಯಿಸಿ, ಹೆಪ್ಪು ಹಾಕಿ, ಬಿದಿರಿನ ಕಡೆಗೋಲಿನಲ್ಲಿ ಕಡೆದು, ಬೆಣ್ಣೆಯನ್ನು ತುಪ್ಪ ಮಾಡುವುದನ್ನು ಆತ ಬರೆದಿಟ್ಟಿದ್ದಾನೆ. ಓದಿದಾಗ ನನಗೆ ಅಜ್ಜಿಯ ಅಡುಗೆ ಮನೆಯೇ ಕಂಡಿತು.

ಅರಮನೆಗೂ ಒಂದು ಬೆಣ್ಣೆಯ ಲೆಕ್ಕ ಇತ್ತು. 1673ರಿಂದ 1704ರ ತನಕ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನದ ಮಂದೆಗಳನ್ನು ಬೆಳೆಸಿ ಅದಕ್ಕೆ ಬೆಣ್ಣೆ ಚಾವಡಿ ಅನ್ನುವ ಇಲಾಖೆ ಮಾಡಿದ್ದರು. ಅದನ್ನೇ ಟಿಪ್ಪು ಅಮೃತ್ ಮಹಲ್ ಅಂತ ಹೆಸರು ಬದಲಿಸಿದ. ಆ ಮಂದೆಗಳ ಎತ್ತುಗಳು ಸೈನ್ಯದ ಫಿರಂಗಿ ಎಳೆದವು, ಹಸುಗಳು ಅರಮನೆಗೆ ಹಾಲು ಬೆಣ್ಣೆ ಕೊಟ್ಟವು. ಅದಕ್ಕೆ ಅಧಿಕಾರಿಗಳಿದ್ದರು, ದನ ಮೇಯಲು ಮೀಸಲಿಟ್ಟ ಕಾವಲುಗಳಿದ್ದವು, ದಫ್ತರವಿತ್ತು. ಇವತ್ತಿಗೂ ಅಮೃತ್ ಮಹಲ್ ಕಾವಲು ಅಂದರೆ ಜನಕ್ಕೆ ಗೊತ್ತು. ಅದೇ ಸೀಮೆಯ ಸಂತೆಗಳಲ್ಲಿ ಬೆಣ್ಣೆ ಮಡಕೆ ಇಟ್ಟುಕೊಂಡು ಕೂತ ಹೆಂಗಸರಿಗೆ ಯಾವ ದಫ್ತರವೂ ಇರಲಿಲ್ಲ. ಲೆಕ್ಕವೆಲ್ಲ ಅವರ ತಲೆಯಲ್ಲಿ, ಬೆರಳ ಗೆಣ್ಣಿನಲ್ಲಿ.

ಮಾರುವುದಕ್ಕೆ ಎರಡು ದಾರಿ. ಒಂದು ಸಂತೆ, ಇನ್ನೊಂದು ವರ್ತನೆ.

ಸಂತೆಯಲ್ಲಿ ದನದ ಸಾಲು, ಕಾಳಿನ ಸಾಲು ಗಂಡಸರದು. ಬೆಣ್ಣೆ, ಮೊಸರು, ಸೊಪ್ಪು, ಕೋಳಿ ಮೊಟ್ಟೆ ಹೆಂಗಸರದು. ಬೆಣ್ಣೆ ಉಂಡೆಗಳು ಮಜ್ಜಿಗೆಯಲ್ಲಿ ತೇಲುತ್ತಿರುತ್ತವೆ. ಬಾಳೆ ಎಲೆಯೋ ಮುತ್ತುಗದ ಎಲೆಯೋ ಪಕ್ಕದಲ್ಲಿ. ಕೊಳ್ಳುವವರು ಬೆರಳ ತುದಿಯಲ್ಲಿ ಚೂರು ತೆಗೆದು ಕೈ ಹಿಂಭಾಗಕ್ಕೆ ಉಜ್ಜಿ ಮೂಸುತ್ತಿದ್ದರು. ಹಳೆಯದಾದರೆ ಅಲ್ಲೇ ಗೊತ್ತಾಗುತ್ತದೆ. ನೀರು ಉಳಿಸಿ ತೂಕ ಹೆಚ್ಚಿಸಿದ್ದರೆ ಕಾಯಿಸುವಾಗ ಗೊತ್ತಾಗುತ್ತದೆ, ಮುಂದಿನ ವಾರ ಜಗಳ ಆಗುತ್ತದೆ. ಒಳ್ಳೆಯ ಬೆಣ್ಣೆ ಒಂದು ಕೆಜಿ ಕಾಯಿಸಿದರೆ ಸುಮಾರು 800 ಗ್ರಾಂ ತುಪ್ಪ ಬರಬೇಕು. ಇಷ್ಟು ಬರಲಿಲ್ಲ ಅಂದರೆ ಅವಳ ಹೆಸರು ಕೆಟ್ಟಿತು. ತುಪ್ಪದ ಹಾಗೇ ಕಾಣುವ ವನಸ್ಪತಿ, ಡಾಲ್ಡಾ, ಬಂದ ಮೇಲಂತೂ ತುಪ್ಪವನ್ನು ಜನ ಇನ್ನೂ ಅನುಮಾನದಿಂದ ನೋಡಲು ಶುರು ಮಾಡಿದರು. ಆಗ ಬೆಣ್ಣೆಯನ್ನೇ ಕೊಂಡು ಮನೆಯಲ್ಲಿ ಕಾಯಿಸುವುದು ವಾಸಿ ಅಂತ ಎಷ್ಟೋ ಮನೆಯವರು ನಿರ್ಧರಿಸಿದರು. ಇದು ಹಳ್ಳಿಯ ಹೆಂಗಸರಿಗೆ ಅನುಕೂಲವೇ ಆಯಿತು.

ತೂಕದ ವಿಷಯದಲ್ಲಿ ಹುಷಾರಾಗಿ ಇರಬೇಕಿತ್ತು. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, ಸುಮಾರು 930 ಗ್ರಾಂ. ಮಾತಿಗೆ ಎರಡೂ ಸೇರೇ. ತುಪ್ಪವನ್ನು ತೂಕದಲ್ಲಿ ಕೊಡುತ್ತೀಯೋ ಪಾವಿನಲ್ಲಿ ಅಳೆಯುತ್ತೀಯೋ ಅನ್ನುವುದೂ ಮುಂಚೆಯೇ ಇತ್ಯರ್ಥ ಆಗಬೇಕು. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ಅಕ್ಷರ ಬಾರದ ಹೆಂಗಸು ಅರೆಪಾವಿನ ಬೆಲೆಯನ್ನು ಆಣೆ ಕಾಸಿನಲ್ಲಿ ಬಾಯಲ್ಲೇ ಹೇಳುತ್ತಿದ್ದಳು. 1957ರಲ್ಲಿ ನಯಾಪೈಸೆ ಬಂತು, ಅದರ ಹಿಂದೆಯೇ ಕಿಲೋ, ಗ್ರಾಂ ಬಂದವು. ಅಜ್ಜಿ ಕೊನೆಯ ತನಕವೂ ಮನಸ್ಸಿನಲ್ಲಿ ಸೇರಿಗೆ ಇಳಿಸಿಕೊಂಡೇ ಕಿಲೋ ಬೆಲೆ ಹೇಳುತ್ತಿದ್ದರು. ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ. ಇಂಥವರನ್ನು ನಾವು ಕಾಗದದಲ್ಲಿ ಅನಕ್ಷರಸ್ಥರು ಅಂತ ಬರೆಸಿದೆವು. ನನಗೆ ಇದು ಈಗಲೂ ನೋವು ಕೊಡುತ್ತದೆ.

ವರ್ತನೆ ಅಂದರೆ ಗೊತ್ತುಮಾಡಿಕೊಂಡ ಮನೆ. ಸಂತೆಯಲ್ಲಿ ಯಾರು ಕೊಳ್ಳುತ್ತಾರೋ ಗೊತ್ತಿಲ್ಲ. ವರ್ತನೆಯಲ್ಲಿ ವಾರ ತಪ್ಪದೆ ಅದೇ ಮನೆ. ಮೈಸೂರಿನ ಅಗ್ರಹಾರ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆಯ ಮನೆಗಳಿಗೆ ಹೀಗೆ ಹಳ್ಳಿಯಿಂದ ಬೆಣ್ಣೆ ಬರುತ್ತಿತ್ತು. ನಮ್ಮ ಅಜ್ಜಿಯ ಅತ್ತೆ ಪಾಂಡವಪುರ ಸ್ಟೇಷನ್ನಿನಿಂದ ರೈಲು ಹತ್ತುತ್ತಿದ್ದರಂತೆ. ಆ ಊರಿಗೆ ಆಗ ಫ್ರೆಂಚ್ ರಾಕ್ಸ್ ಅಂತಲೇ ಹೆಸರು. ಜೊತೆಯಲ್ಲಿ ಮೊಸರು ಕುಕ್ಕೆಯವರು, ವೀಳ್ಯದೆಲೆಯವರು, ಸೊಪ್ಪಿನವರು. ಮೈಸೂರಿನಲ್ಲಿ ಇಳಿದು ದೇವರಾಜ ಮಾರುಕಟ್ಟೆಯ ಕಡೆ ಒಂದು ಪಾಲು, ವರ್ತನೆ ಮನೆಗಳಿಗೆ ಒಂದು ಪಾಲು. ಮಾರಿ ಉಳಿದ ದುಡ್ಡಿನಲ್ಲಿ ಉಪ್ಪು, ಕೊಬ್ಬರಿ, ರವಿಕೆ ಬಟ್ಟೆ ಕೊಂಡು ಸಂಜೆ ರೈಲಿಗೆ ವಾಪಸ್.

ವರ್ತನೆಯಲ್ಲಿ ದುಡ್ಡಿಗಿಂತ ಜಾಸ್ತಿ ವಿಷಯಗಳು ಓಡಾಡುತ್ತಿದ್ದವು. ಮಗಳ ಮದುವೆಗೆ ಮುಂಗಡ ಸಿಗುತ್ತಿತ್ತು. ಹಳೆಯ ಸೀರೆ ಸಿಗುತ್ತಿತ್ತು. ಯಾವ ಆಸ್ಪತ್ರೆಗೆ ಹೋಗಬೇಕು, ಮಗನನ್ನು ಯಾವ ಹಾಸ್ಟೆಲಿಗೆ ಸೇರಿಸಬಹುದು ಅನ್ನುವ ಸುದ್ದಿ ಸಿಗುತ್ತಿತ್ತು. ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಓದಿದ್ದು ಇಂಥ ಒಂದು ವರ್ತನೆ ಮನೆಯವರು ಹೇಳಿದ ಮಾತಿನಿಂದ. ಗಂಡಸರಿಗೆ ಪಟ್ಟಣದಲ್ಲಿ ಪರಿಚಯ ಅಂದರೆ ಮಂಡಿಯವರು, ವಕೀಲರು. ಹೆಂಗಸರಿಗೆ ಪಟ್ಟಣದ ಅಡುಗೆ ಮನೆಗಳೇ ಗೊತ್ತಿದ್ದವು.

ಆದರೆ ಆ ಅಡುಗೆ ಮನೆಯ ಬಾಗಿಲ ತನಕ ಎಲ್ಲ ಹೆಂಗಸರೂ ಹೋಗುವ ಹಾಗಿರಲಿಲ್ಲ. ಇದನ್ನು ಬಿಟ್ಟು ಬರೆದರೆ ನಾನು ಅರ್ಧ ಸತ್ಯ ಬರೆದ ಹಾಗೆ. ನಮ್ಮದು ಒಕ್ಕಲಿಗರ ಮನೆ, ನಮ್ಮ ಅಜ್ಜಿಯ ಬೆಣ್ಣೆ ಹಿತ್ತಲ ಬಾಗಿಲಿನಲ್ಲಾದರೂ ನಡೆಯಿತು. ಗೊಲ್ಲರ ಹೆಂಗಸರ ಬೆಣ್ಣೆ ಮೊಸರು ನಡೆಯಿತು. ದಲಿತರ ಕೇರಿಯ ಹೆಂಗಸು ಎಷ್ಟೇ ಚೆನ್ನಾಗಿ ಎಮ್ಮೆ ಸಾಕಿದರೂ ಅವಳ ಕೈಯ ಮೊಸರು, ಬೆಣ್ಣೆಯನ್ನು ಮೇಲಿನ ಜಾತಿಯ ಮನೆಯವರು ಮುಟ್ಟುತ್ತಿರಲಿಲ್ಲ. ಅವಳು ಬೇರೆಯವರ ಎಮ್ಮೆಗೆ ಹುಲ್ಲು ತರಬಹುದಿತ್ತು, ಸಗಣಿ ಬಾಚಬಹುದಿತ್ತು, ಪಾಲಿಗೆ ಕರು ಸಾಕಬಹುದಿತ್ತು. ಬೆಣ್ಣೆ ದುಡ್ಡು ಅವಳ ಸೆರಗಿಗೆ ಬರಲಿಲ್ಲ. ಬೆಣ್ಣೆಯ ಸಂತೆಯನ್ನು ನೆನೆದು ಖುಷಿ ಪಡುವಾಗ ಇದು ನೆನಪಿರಬೇಕು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಆರಂಭದಲ್ಲಿ ಮುಗಿಯಿತು. ನಾಲೆ ಬಂತು, ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮೈಸೂರಿನಿಂದ ಬೇರೆಯಾದ ಮಂಡ್ಯ ಜಿಲ್ಲೆ. ಕಚೇರಿ, ಕಾರ್ಖಾನೆ, ಸಂಬಳದ ಜನ, ಹೋಟೆಲು. ನಾಲೆ ಕಡೆಯ ಹೆಂಗಸರಿಗೆ ಹೊಸ ಕೊಳ್ಳುವವರು ಹತ್ತಿರದಲ್ಲೇ ಸಿಕ್ಕರು. ಬದುವಿನ ಹಸಿ ಹುಲ್ಲು, ಕಬ್ಬಿನ ಸೋಗೆ ವರ್ಷ ಪೂರ್ತಿ ಸಿಕ್ಕಿತು. ನಾಲೆ ಇಲ್ಲದ ನಮ್ಮ ಅಜ್ಜಿಯ ಊರಿನಲ್ಲಿ ಬೇಸಿಗೆಗೆ ಎಮ್ಮೆ ಬತ್ತುತ್ತಿತ್ತು, ಮುಂಗಾರಿನ ಹುಲ್ಲು ಬರುವ ತನಕ ಬೆಣ್ಣೆ ದುಡ್ಡು ನಿಲ್ಲುತ್ತಿತ್ತು. ಒಂದೇ ತಾಲೂಕಿನ ಎರಡು ಊರಿನ ಹೆಂಗಸರ ಕಿವಿಯ ಓಲೆ ನೋಡಿ ಯಾರದು ನೀರಿನ ಊರು ಅಂತ ಹೇಳಬಹುದಿತ್ತಂತೆ.

ಆಮೇಲೆ ಡೈರಿ ಬಂತು. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು. ಊರೂರಿಗೆ ಹಾಲು ಉತ್ಪಾದಕರ ಸಂಘ. ಮಂಡ್ಯದ ಹಾಲು ಈಗ ಮದ್ದೂರು ಹತ್ತಿರದ ಗೆಜ್ಜಲಗೆರೆಗೆ ಹೋಗುತ್ತದೆ. ಬೆಳಿಗ್ಗೆ, ಸಂಜೆ ಹಾಲು ಅಳೆದು, ಕೊಬ್ಬು ನೋಡಿ, ಬಟವಾಡೆ ಕೊಡುವ ವ್ಯವಸ್ಥೆ. ಇದು ಸಣ್ಣ ವಿಷಯ ಅಲ್ಲ. ತಲೆ ಮೇಲೆ ಮಡಕೆ ಹೊತ್ತು ನಡೆಯುವುದು ತಪ್ಪಿತು. ತೂಕದಲ್ಲಿ ಮೋಸ ಹೋಗುವ ಭಯ ತಪ್ಪಿತು. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬಿತ್ತು. ಎಲ್ಲ ಊರಿನಲ್ಲೂ ಇದು ಸಲೀಸಾಗಿ ಆಯಿತು ಅಂತಲ್ಲ. ಆದರೂ ಬೆಣ್ಣೆಯ ಸಂತೆ ಎಷ್ಟೋ ತಲೆಮಾರುಗಳಲ್ಲಿ ಮಾಡದಿದ್ದನ್ನು ಆ ಕ್ಯಾನು ಮಾಡಿತು. ಮಿಶ್ರತಳಿ ಹಸುಗಳು ಬಂದವು. ಒಂದು ಹಸು ಕೊಡುವ ಹಾಲು ನಮ್ಮ ನಾಟಿ ದನಕ್ಕೆ ಕನಸಿನ ಮಾತು. ಬಡ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಆ ಹಾಲೇ. ನಾನು ಡೈರಿಗೆ ಕೃತಜ್ಞನಾಗಿದ್ದೇನೆ, ಇದನ್ನು ಮನಸಾರೆ ಹೇಳುತ್ತೇನೆ.

ಆದರೆ ಹಾಲು ಮಕ್ಕಳಿಗೆ, ಮಜ್ಜಿಗೆ ಊರಿಗೆ, ಬೆಣ್ಣೆ ಸಂತೆಗೆ ಅನ್ನುವ ಹಂಚಿಕೆ ಒಡೆದುಹೋಯಿತು. ಹಾಲು ಹಾಲಾಗಿಯೇ ಮನೆ ಬಿಟ್ಟು ಹೋಗತೊಡಗಿತು. ಕಡೆಯುವುದಕ್ಕೆ ಉಳಿಯಲಿಲ್ಲ, ಹಾಗಾಗಿ ಮಜ್ಜಿಗೆಯೂ ಇಲ್ಲ. ಚೊಂಬು ಹಿಡಿದು ಬರುವವರು ನಿಂತರು. ಕೊಬ್ಬಿನ ಜೊತೆ ಆ ಮಜ್ಜಿಗೆಯ ಸತ್ವವೂ ಟ್ಯಾಂಕರ್ ಹತ್ತಿ ಪಟ್ಟಣಕ್ಕೆ ಹೋಯಿತು. ಎಮ್ಮೆ ಕಮ್ಮಿಯಾಯಿತು, ಮಿಶ್ರತಳಿ ಹಸುವಿನ ತೆಳು ಹಾಲಿನಲ್ಲಿ ಕಡೆದರೂ ಹೆಚ್ಚು ಬೆಣ್ಣೆ ಬರುವುದಿಲ್ಲ. ಕಡೆಗೋಲು ಅಟ್ಟ ಸೇರಿತು.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಬದಲಾವಣೆ ದುಡ್ಡಿನದು. ಡೈರಿಯ ಸದಸ್ಯತ್ವ ಹೆಚ್ಚಿನ ಮನೆಗಳಲ್ಲಿ ಮನೆಯ ಯಜಮಾನನ ಹೆಸರಿಗೆ ಆಯಿತು. ಹುಲ್ಲು ಕೊಯ್ಯುವುದು, ಮೈ ತೊಳೆಯುವುದು, ಕರೆಯುವುದು ಹೆಂಗಸು. ಕ್ಯಾನು ಹಿಡಿದು ಡೈರಿಗೆ ಹೋಗುವುದು ಗಂಡಸು ಅಥವಾ ಹುಡುಗ. ಬಟವಾಡೆ ಪುಸ್ತಕ ಗಂಡಸಿನದು. ತಪ್ಪದೆ ಬರುವ ದುಡ್ಡು, ಮೊದಲಿಗಿಂತ ಜಾಸ್ತಿ ದುಡ್ಡು. ಆದರೆ ಅದು ಸೆರಗಿಗೆ ಬಾರದೆ ಜೇಬಿಗೆ ಹೋಯಿತು. ನಮ್ಮ ಅಮ್ಮ ಒಂದು ಸಲ ಹೇಳಿದ್ದರು, ಅತ್ತೆ ಕಾಲದಲ್ಲಿ ಬಳೆಗೆ ಯಾರನ್ನೂ ಕೇಳಬೇಕಿರಲಿಲ್ಲ, ನನ್ನ ಕಾಲದಲ್ಲಿ ಬಟವಾಡೆ ದಿನ ಕಾಯಬೇಕಾಯಿತು ಅಂತ. ಬೆಲೆ ಹೇಳುವ ಕೆಲಸವೂ ಕೈ ಬಿಟ್ಟಿತು. ಹಾಲಿನ ದರ ಎಲ್ಲೋ ನಿಗದಿ ಆಗಿ ಬರುತ್ತದೆ. ಸಂತೆಯಲ್ಲಿ ಕೂತು "ಇಷ್ಟಕ್ಕೆ ಆದರೆ ಕೊಡ್ತೀನಿ, ಇಲ್ಲಾಂದ್ರೆ ಬೇಡ" ಅಂದ ಹೆಂಗಸಿಗೂ, ಬಂದ ದರ ತೆಗೆದುಕೊಳ್ಳುವ ಹೆಂಗಸಿಗೂ ತುಂಬ ವ್ಯತ್ಯಾಸ ಇದೆ, ಅಲ್ವಾ?

ಇದನ್ನು ಸರಿ ಮಾಡುವ ಪ್ರಯತ್ನಗಳೂ ಆದವು. 1986-87ರಲ್ಲಿ ಕೇಂದ್ರ ಸರ್ಕಾರ ಹೆಂಗಸರ ತರಬೇತಿ, ಉದ್ಯೋಗಕ್ಕೆ 'ಸ್ಟೆಪ್' ಯೋಜನೆ ತಂದಿತು. ಅದರ ನೆರವಿನಿಂದ ಬರೀ ಹೆಂಗಸರೇ ಸದಸ್ಯರಾಗಿರುವ ಹಾಲಿನ ಸಂಘಗಳು ಹುಟ್ಟಿದವು. ಮಂಡ್ಯ, ಮೈಸೂರು ಸುತ್ತ ಇವತ್ತು ಮಹಿಳಾ ಸಂಘದ ಬೋರ್ಡು ಕಾಣುವ ಊರುಗಳು ಬೇಕಾದಷ್ಟಿವೆ. ಬ್ಯಾಂಕಿನ ಖಾತೆ ಹೆಂಗಸಿನ ಹೆಸರಿನಲ್ಲೇ ಇದ್ದರೆ ದುಡ್ಡು ಅಲ್ಲಿಗೇ ಬೀಳುತ್ತದೆ. ಎಟಿಎಂ ಕಾರ್ಡ್ ಯಾರ ಕೈಯಲ್ಲಿ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಪ್ರತಿ ಮನೆಯೂ ಕೇಳಿಕೊಳ್ಳಬೇಕು.

ನಮ್ಮ ಚಿಕ್ಕಮ್ಮ ಈಗಲೂ ಅದೇ ಊರಲ್ಲಿದ್ದಾರೆ. ಮಿಶ್ರತಳಿ ಹಸುಗಳ ಹಾಲು ಡೈರಿಗೆ. ಒಂದು ಎಮ್ಮೆಯನ್ನು ಮಾತ್ರ ಬೇರೆ ಇಟ್ಟಿದ್ದಾರೆ, ಅದರ ಹಾಲು ಡೈರಿಗೆ ಹೋಗುವುದಿಲ್ಲ. ಕಡೆಯಲು ಈಗ ಕರೆಂಟಿನ ಕಡೆಗೋಲು. ನುಗ್ಗೆ ಸೊಪ್ಪು, ಒಂದು ವೀಳ್ಯದೆಲೆ, ನಾಲ್ಕು ಕಾಳು ಮೆಂತ್ಯ ಹಾಕಿ ಕಾಯಿಸಿದ ತುಪ್ಪ ಮೈಸೂರಿನ ಗೊತ್ತಿರುವ ಮನೆಗಳಿಗೆ ಹೋಗುತ್ತದೆ. ಆರ್ಡರು ವಾಟ್ಸ್ಆ್ಯಪಿನಲ್ಲಿ, ದುಡ್ಡು ಫೋನಿಗೆ, ತುಪ್ಪ ಬಸ್ಸಿನಲ್ಲಿ. ಬೆಲೆ ಚಿಕ್ಕಮ್ಮನೇ ಹೇಳುವುದು. ಅಂಗಡಿಯ ತುಪ್ಪಕ್ಕಿಂತ ಜಾಸ್ತಿಯೇ ಹೇಳುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ. ಮಾರುವುದಾದರೆ ಆಹಾರದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು ಅಂತ ಮಗಳು ಹೇಳಿ, ಅದನ್ನೂ ಮಾಡಿಸಿಕೊಟ್ಟಿದ್ದಾಳೆ. ಆ ಕಾಗದದಲ್ಲಿ ಇರುವುದು ಚಿಕ್ಕಮ್ಮನ ಹೆಸರು.

ಹೀಗೆ ಉಳಿದ ಮನೆಗಳು ಕಮ್ಮಿ. ವರ್ತನೆ ಮನೆಗಳಿಗೆ ನಿಜವಾಗಿ ಮಡಕೆ ಹೊತ್ತುಕೊಂಡು ಹೋದವರಿಗೆ ಈಗ ಎಂಬತ್ತು ದಾಟಿದೆ. ಡೈರಿಯಲ್ಲಿ ಯಾವ ಮನೆಯವರು ಯಾವ ದಿನ ಎಷ್ಟು ಹಾಲು ಹಾಕಿದರು ಅನ್ನುವುದಕ್ಕೆ ದಾಖಲೆ ಇದೆ. ಬೆಣ್ಣೆ ಚಾವಡಿಯ ವಿಷಯ ಇತಿಹಾಸದಲ್ಲಿದೆ. ಈ ಅಜ್ಜಿಯರ ವ್ಯಾಪಾರ ಮಾತ್ರ ಅವರ ಬಾಯಲ್ಲೇ ಇದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥವರಿದ್ದರೆ ಹಬ್ಬಕ್ಕೆ ಊರಿಗೆ ಹೋದಾಗ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಸಂತೆ, ಯಾವ ಬೀದಿ, ದಾರಿಯಲ್ಲಿ ಯಾರು ಜೊತೆ, ದುಡ್ಡು ಯಾರ ಹತ್ತಿರ ಇರುತ್ತಿತ್ತು, ಅದರಲ್ಲಿ ಮೊದಲು ಕೊಂಡದ್ದೇನು. ನಿಮ್ಮ ಜೀವನದ ಕಥೆ ಹೇಳಿ ಅಂದರೆ "ಏನೈತೆ ಹೇಳೋಕೆ" ಅಂತ ಸುಮ್ಮನಾಗುತ್ತಾರೆ. ನೀವು ಮಾರಿದ್ದು ಕಚ್ಚಾ ಸೇರೋ ಪಕ್ಕಾ ಸೇರೋ ಅಂತ ಕೇಳಿ. ಅಲ್ಲಿಂದ ಅವರೇ ಶುರು ಮಾಡುತ್ತಾರೆ.